ಬಿ.ಎಚ್. ರಸ್ತೆಯ ಲಾರಿಗಳು: ಒಂದು ಟ್ರಂಕಿನ ನೆಗೆಟಿವ್‌ಗಳನ್ನು ಉಳಿಸಿಕೊಂಡ ಬಗೆ

ತಿಪಟೂರಿನ ಹಳೆಯ ಫೋಟೊ ಸ್ಟುಡಿಯೊ ಒಂದು ಬಾಗಿಲು ಮುಚ್ಚಿ ಬಹಳ ವರ್ಷಗಳಾದವು. ಅದರ ಯಜಮಾನರ ಮಗ ನನ್ನ ಜೊತೆ ಓದಿದವನು. ಮನೆ ಕೆಡವಿ ಹೊಸದು ಕಟ್ಟಿಸುವಾಗ ಅಟ್ಟದ ಮೇಲಿದ್ದ ಟ್ರಂಕನ್ನು ಏನು ಮಾಡುವುದೆಂದು ಕೇಳಿದ, ನಾನು ಹೋಗಿ ತಂದೆ. ಒಳಗಿದ್ದದ್ದು ಹೆಚ್ಚಾಗಿ ‘120’ ಎಂದು ಕರೆಯುವ ಅಗಲ ಫಿಲ್ಮಿನ ಕಪ್ಪು-ಬಿಳುಪು ನೆಗೆಟಿವ್‌ಗಳು, ಸ್ವಲ್ಪ 35 ಎಂ.ಎಂ., ಗಾಜಿನ ಚೌಕಟ್ಟಿನಲ್ಲೇ ಉಳಿದಿದ್ದ ಕೆಲವು ಪ್ರಿಂಟ್‌ಗಳು. ಮದುವೆ, ನಾಮಕರಣ, ಪರೀಕ್ಷೆ ಅರ್ಜಿಗೆ ಅಂಟಿಸುವ ಮುಖಗಳು. ಅವೆಲ್ಲ ಆಯಾ ಮನೆಯವರಿಗೆ ಸೇರಿದ ಚಿತ್ರಗಳು, ಅವನ್ನು ಮುಟ್ಟದೆ ಹಾಗೆಯೇ ಕಟ್ಟಿಟ್ಟಿದ್ದೇನೆ. ನಾನು ಹಿಡಿದು ಕೂತದ್ದು ರೋಲುಗಳ ತುದಿಯನ್ನು.

‘120’ರ ಒಂದು ರೋಲಿನಲ್ಲಿ 6×6 ಸೆಂ.ಮೀ. ಅಳತೆಗೆ 12 ಚಿತ್ರ ಬರುತ್ತವೆ. ಮದುವೆಯ ಚಿತ್ರ ಹತ್ತಕ್ಕೆ ಮುಗಿದು ಎರಡು ಉಳಿದಿವೆ, ಬೀಗರಿಗೆ ನಾಳೆಯೇ ಫೋಟೊ ಬೇಕು. ಫಿಲ್ಮ್ ತೊಳೆಯಲೇಬೇಕು. ಆಗ ಯಜಮಾನರು ಸ್ಟುಡಿಯೊ ಮೆಟ್ಟಿಲ ಮೇಲೆ ನಿಂತು ಎದುರಿನ ಬೀದಿಗೆ ಕ್ಯಾಮೆರಾ ತಿರುಗಿಸಿ ಉಳಿದ ಎರಡನ್ನೂ ಮುಗಿಸುತ್ತಿದ್ದರಂತೆ. ಯಾರೂ ದುಡ್ಡು ಕೊಡದ, ಯಾರೂ ಪ್ರಿಂಟ್ ಹಾಕಿಸದ ಚಿತ್ರಗಳು ಅವು. ಎದುರಿಗಿದ್ದದ್ದು ಬಿ.ಎಚ್. ರಸ್ತೆ, ಬೆಂಗಳೂರಿನಿಂದ ಹೊರಟು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಇಳಿಯುವ ದಾರಿ. ಹಾಗಾಗಿ ರೋಲಿನ ತುದಿಯ ಬಹುಪಾಲು ಚೌಕಗಳಲ್ಲಿ ಒಂದಾದರೂ ಲಾರಿ ಇದೆ.

ಕೊಬ್ಬರಿ ಊರಿನಲ್ಲಿ ಅದು ಸಹಜ. ತೆಂಗಿನಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುವ ಹದಕ್ಕೆ ಬಂದಾಗ ಒಡೆದು ತೆಗೆಯುವ ಉಂಡೆ ಕೊಬ್ಬರಿ ಇಲ್ಲಿಂದ ಉತ್ತರದ ರಾಜ್ಯಗಳಿಗೆ ಹೋಗುತ್ತದೆ. ರೈಲಿತ್ತು, ಆದರೆ ಮಂಡಿ ಬಾಗಿಲಿಗೆ ಬರುತ್ತಿದ್ದದ್ದು ಲಾರಿ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಲಾರಿಗಳ ಹಿಂದಿನ ಹಲಗೆ ನೋಡಿಕೊಂಡು. ಅಪ್ಪನ ಸೈಕಲ್ಲಿನ ಮುಂದೆ ಕೂತು, ಹಲಗೆ ಮೇಲಿನ ಬರಹ ಓದಿ ಮುಗಿಯುವ ತನಕ ಹಿಂದಿಕ್ಕಬೇಡ ಎಂದು ಹಟ ಮಾಡುತ್ತಿದ್ದೆ. ಅಪ್ಪ ನಿಧಾನ ಮಾಡುತ್ತಿದ್ದರು.

ವಾಸನೆ ನೋಡಿ ಬೇರ್ಪಡಿಸುವುದು

ಟ್ರಂಕ್ ತೆರೆದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವದಲ್ಲಿ ಕೊಳೆಯತೊಡಗಿದರೆ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರಿನಲ್ಲಿ ಇರುವುದೂ ಅದೇ. ಒಮ್ಮೆ ಶುರುವಾದರೆ ಹಿಂದಕ್ಕೆ ಬರುವುದಿಲ್ಲ. ಆ ಆವಿಯೇ ಕೊಳೆಯುವುದನ್ನು ಇನ್ನಷ್ಟು ಚುರುಕು ಮಾಡುತ್ತದೆ, ಪಕ್ಕದ ಒಳ್ಳೆಯ ಫಿಲ್ಮಿಗೂ ತಗಲುತ್ತದೆ. ಆದ್ದರಿಂದ ಯಾವ ಚಿತ್ರದಲ್ಲಿ ಏನಿದೆ ಎಂದು ಬೆಳಕಿಗೆ ಹಿಡಿದು ನೋಡುವ ಆಸೆಯನ್ನು ಅದುಮಿಕೊಂಡು ಮೊದಲು ಮೂಗಿನಿಂದಲೇ ವಿಂಗಡಿಸಿದೆ. ಹುಳಿ ನಾರುವವು ಒಂದು ಕಡೆ, ಬೂಷ್ಟು ಹಿಡಿದವು ಒಂದು ಕಡೆ, ಚೆನ್ನಾಗಿರುವವು ಇನ್ನೊಂದು ಕಡೆ. ಹುಳಿಯ ಗುಂಪನ್ನು ಬೇರೆ ಕೋಣೆಗೇ ಸಾಗಿಸಿದೆ. ಅವುಗಳಲ್ಲಿ ಕೆಲವು ಆಗಲೇ ಕುಗ್ಗಿ, ಮೇಲಿನ ಪದರ ಸುಕ್ಕುಗಟ್ಟಿತ್ತು. ಅಂಥವನ್ನು ಒತ್ತಿ ಚಪ್ಪಟೆ ಮಾಡಲು ಹೋಗಬಾರದು, ಪದರ ಬಿರುಕು ಬಿಡುತ್ತದೆ.

ಹಳೆಯ ಬಟರ್ ಪೇಪರ್ ಚೀಲಗಳನ್ನು ಎಸೆಯಲಿಲ್ಲ. ಯಜಮಾನರು ಪೆನ್ಸಿಲಿನಲ್ಲಿ ಬರೆದ ಬಿಲ್ ನಂಬರು, ಗಿರಾಕಿಯ ಊರು ಅವುಗಳ ಮೇಲಿವೆ. ನೆಗೆಟಿವನ್ನು ಪಾಲಿಪ್ರೊಪಿಲೀನ್ ಚೀಲಕ್ಕೆ ಹಾಕಿ, ಹಳೆಯ ಚೀಲಕ್ಕೂ ಅದೇ ಸಂಖ್ಯೆ ಕೊಟ್ಟು ಬೇರೆ ಡಬ್ಬಿಯಲ್ಲಿಟ್ಟೆ. ರೋಲಿನಿಂದ ಕತ್ತರಿಸಿದ ತುಂಡುಗಳು ಯಾವ ಮದುವೆಯ ಜೊತೆಗಿದ್ದವು ಎನ್ನುವುದು ಮುಂದೆ ಕೆಲಸಕ್ಕೆ ಬರುತ್ತದೆ. ಮದುವೆಯ ತಾರೀಖು ಗೊತ್ತಾದರೆ ಬೀದಿಯ ತಾರೀಖೂ ಗೊತ್ತಾದಂತೆಯೇ.

ಬೂಷ್ಟಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ನೀರು ತಾಗಿಸಬೇಡಿ. ಬೂಷ್ಟು ಜೆಲಟಿನ್ ಪದರವನ್ನು ತಿಂದು ಸಡಿಲ ಮಾಡಿರುತ್ತದೆ. ಅಂಥ ಪದರ ನೀರಿಗೆ ಕರಗಿ ಚಿತ್ರವೇ ತೊಳೆದುಹೋಗಬಹುದು. ರಬ್ಬರ್ ಬ್ಲೋವರಿನಿಂದ ಗಾಳಿ, ಮೆತ್ತನೆಯ ಬ್ರಷ್, ಅದಕ್ಕೂ ಹೋಗದಿದ್ದರೆ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ಅದ್ದಿದ ನುಣುಪು ಬಟ್ಟೆ. ಅದನ್ನೂ ಮೊದಲು ಚಿತ್ರವಿಲ್ಲದ ಅಂಚಿನಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಹಳೆಯ ಸ್ಟುಡಿಯೊಗಳಲ್ಲಿ ಮುಖದ ಕಲೆ ಮುಚ್ಚಲು ನೆಗೆಟಿವ್ ಮೇಲೆಯೇ ಪೆನ್ಸಿಲಿನಿಂದ, ಕೆಂಪು ಬಣ್ಣದಿಂದ ತಿದ್ದುತ್ತಿದ್ದರು. ಆ ಕೈಕೆಲಸವೂ ಚಿತ್ರದ ಭಾಗವೇ. ಒಂದು ಮದುವೆಯ ಚೌಕದಲ್ಲಿ ಮದುಮಗಳ ಕೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಪೆನ್ಸಿಲ್ ಗೀರುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಅದರತ್ತ ಬಟ್ಟೆ ಒಯ್ಯದೆ ಹಾಗೆಯೇ ಬಿಟ್ಟೆ.

ಎನ್‌ಲಾರ್ಜರ್ ಕಂಬದ ಹೊಸ ಕೆಲಸ

ಸ್ಕ್ಯಾನರಿನ ಬದಲು ಕ್ಯಾಮೆರಾದಿಂದಲೇ ನಕಲು ತೆಗೆಯುವುದೆಂದು ನಿಶ್ಚಯಿಸಿದೆ. ಅದಕ್ಕೆ ಬೇಕಾದ ಗಟ್ಟಿ ಕಂಬ ಸ್ಟುಡಿಯೊದಲ್ಲೇ ಸಿಕ್ಕಿತು: ಡಾರ್ಕ್‌ರೂಮಿನ ಎನ್‌ಲಾರ್ಜರ್, ನೆಗೆಟಿವನ್ನು ದೊಡ್ಡದು ಮಾಡಿ ಕಾಗದಕ್ಕೆ ಇಳಿಸುವ ಯಂತ್ರ. ಅದರ ತಲೆಯನ್ನು ಬಿಚ್ಚಿ ಜೋಪಾನವಾಗಿ ಎತ್ತಿಟ್ಟು, ಮೇಲೆ ಕೆಳಗೆ ಸರಿಯುವ ತೋಳಿಗೆ ಕ್ಯಾಮೆರಾ ಕೂರಿಸುವ ಪಟ್ಟಿಯನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಕಂಬಕ್ಕೆ ಒಂದು ತೂತೂ ಕೊರೆದಿಲ್ಲ, ಬೇಕೆಂದರೆ ನಾಳೆಯೇ ಅದು ಮತ್ತೆ ಎನ್‌ಲಾರ್ಜರ್ ಆಗಬಹುದು. ಈ ಚಿತ್ರಗಳನ್ನು ಕಾಗದಕ್ಕೆ ಇಳಿಸುತ್ತಿದ್ದ ಕಂಬವೇ ಈಗ ಅವುಗಳ ನಕಲು ತೆಗೆಯಲು ನಿಂತಿದೆ ಎನ್ನುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಕೆಳಗೆ ಎಲ್‌ಇಡಿ ಬೆಳಕಿನ ಹಲಗೆ, ಬಣ್ಣದ ನಿಖರತೆ ನೂರಕ್ಕೆ 95ಕ್ಕಿಂತ ಹೆಚ್ಚಿರುವುದು. ಕಪ್ಪು-ಬಿಳುಪಿಗೆ ಅಷ್ಟು ಬೇಡ, ಮುಂದೆ ಕಲರ್ ನೆಗೆಟಿವ್ ಬಂದರೆ ಇರಲಿ ಎಂದು ತಂದದ್ದು. ಅದರ ಮೇಲೆ ಎರಡು-ಮೂರು ಸೆಂಟಿಮೀಟರ್ ಎತ್ತರದಲ್ಲಿ ಹಾಲುಬಿಳಿ ಅಕ್ರಿಲಿಕ್ ಹಾಳೆ. ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಉಳಿದ ತುಂಡುಗಳಲ್ಲಿ ಒಳ್ಳೆಯದೇ ಸಿಗುತ್ತದೆ. ಹಾಳೆಗೂ ನೆಗೆಟಿವಿಗೂ ನಡುವೆ ಅಂತರ ಇದ್ದಷ್ಟೂ ಹಾಳೆಯ ಮೇಲಿನ ಧೂಳು ಫೋಕಸ್ಸಿಗೆ ಬರುವುದಿಲ್ಲ. ನೆಗೆಟಿವ್ ಸುತ್ತ ಕಪ್ಪು ಚಾರ್ಟ್ ಕಾಗದದ ಚೌಕಟ್ಟು. ಇದನ್ನು ಬಿಟ್ಟರೆ ಪಕ್ಕದಿಂದ ನುಗ್ಗುವ ಬೆಳಕು ಲೆನ್ಸಿಗೆ ಬಿದ್ದು ಕಪ್ಪೆಲ್ಲ ಬೂದಿಯಾಗುತ್ತದೆ.

ಕ್ಯಾಮೆರಾ ಮತ್ತು ನೆಗೆಟಿವ್ ಸಮಾನಾಂತರ ಇವೆಯೇ ಎಂದು ನೋಡಲು ಕನ್ನಡಿಗಿಂತ ಒಳ್ಳೆಯ ಉಪಕರಣವಿಲ್ಲ. ನೆಗೆಟಿವ್ ಇಡುವ ಜಾಗದಲ್ಲಿ ಚಪ್ಪಟೆ ಕನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿದರೆ ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಕಾಣಬೇಕು. ಪಕ್ಕಕ್ಕೆ ಸರಿದಿದ್ದರೆ ಎಲ್ಲೋ ವಾಲಿದೆ ಎಂದರ್ಥ. ಪಟ್ಟಿಯ ಕೆಳಗೆ ತೆಳು ತಗಡು ಕೊಟ್ಟು ಸರಿಪಡಿಸಿದೆ.

ಸುರುಳಿಯಾಗುವ ಫಿಲ್ಮನ್ನು ಚಪ್ಪಟೆ ಹಿಡಿಯಲು ಗಾಜು ಬೇಕು, ಆದರೆ ಫಿಲ್ಮಿನ ನುಣುಪು ಬೆನ್ನು ಗಾಜಿಗೆ ತಾಗಿದರೆ ಕಾಮನಬಿಲ್ಲಿನಂಥ ಉಂಗುರಗಳು ಏಳುತ್ತವೆ, ನ್ಯೂಟನ್ ಉಂಗುರ. ಚಿತ್ರದ ಪದರವಿರುವ, ಮಂಕಾದ ಇಮಲ್ಷನ್ ಬದಿಯನ್ನು ಗಾಜಿಗೆ ಇಟ್ಟು, ಮೇಲಿನಿಂದ ಅಂಚನ್ನು ಮಾತ್ರ ಚೌಕಟ್ಟಿನಿಂದ ಒತ್ತಿದರೆ ಉಂಗುರ ಇಲ್ಲ. ಹೀಗೆ ಇಟ್ಟರೆ ಬೆನ್ನು ಕ್ಯಾಮೆರಾದ ಕಡೆಗಿದ್ದು ಚಿತ್ರ ನೆಟ್ಟಗೇ ಬರುತ್ತದೆ, ತಪ್ಪಿ ಮಗುಚಿ ಇಟ್ಟರೆ ಎಡ-ಬಲ ತಿರುಗಿರುತ್ತದೆ, ಆಗ ಕಂಪ್ಯೂಟರಿನಲ್ಲಿ ತಿರುಗಿಸಬೇಕು. ಚಿತ್ರ ಸರಿಯಾಗಿದೆಯೇ ಎನ್ನುವುದನ್ನು ಬೀದಿಯ ಚಿತ್ರದಲ್ಲಿ ಲಾರಿಯೇ ಹೇಳುತ್ತದೆ. ಹಣೆಯ ಮೇಲಿನ ಅಕ್ಷರ ನೆಟ್ಟಗಿರಬೇಕು, ಅಕ್ಷರ ಮಸುಕಾಗಿದ್ದರೆ ಸ್ಟೀರಿಂಗ್ ಲಾರಿಯ ಬಲಗಡೆ ಇರಬೇಕು.

ಎಷ್ಟು ದೊಡ್ಡದಾಗಿ ತೆಗೆಯಬೇಕು

ನನ್ನದು 36×24 ಎಂ.ಎಂ. ಸೆನ್ಸರಿನ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಮ್ಯಾಕ್ರೊ ಲೆನ್ಸ್. 6×6 ಚೌಕದ ನಿಜವಾದ ಚಿತ್ರಭಾಗ ಸುಮಾರು 56 ಎಂ.ಎಂ. ಒಂದೇ ಏಟಿಗೆ ತೆಗೆದರೆ 4,000 ಪಿಕ್ಸೆಲ್ ಬರುತ್ತದೆ, ಅಂದರೆ ಇಂಚಿಗೆ 1,800ರಷ್ಟು. ಗೋಡೆಗೆ ಹಾಕುವ ಚಿತ್ರಕ್ಕೆ ಇದು ಸಾಕು. ದೂರದ ಲಾರಿಯ ನಂಬರು ಓದಲು ಸಾಲದು. ಅಂಥ ಚೌಕಗಳನ್ನು ಹತ್ತಿರದಿಂದ, ನೆಗೆಟಿವನ್ನು ಸರಿಸುತ್ತ ನಾಲ್ಕು ಭಾಗವಾಗಿ ತೆಗೆದು ಜೋಡಿಸಿದೆ. ಅಕ್ಕಪಕ್ಕದ ಭಾಗಗಳು ಕಾಲುಪಾಲಾದರೂ ಒಂದರ ಮೇಲೊಂದು ಬರಬೇಕು, ಇಲ್ಲದಿದ್ದರೆ ಜೋಡಣೆ ಹಿಡಿಯುವುದಿಲ್ಲ. ಆಗ ಒಂದು ಬದಿಗೆ 7,000 ಪಿಕ್ಸೆಲ್ ದೊರೆಯುತ್ತದೆ. ಅಪರ್ಚರ್ 8, ಐಎಸ್‌ಒ 100, ರಾ ಫೈಲ್, ಕೈ ತಾಗಿದ ಅದುರು ನಿಲ್ಲಲೆಂದು ಎರಡು ಸೆಕೆಂಡಿನ ಟೈಮರ್.

ಎಲ್ಲ ನೆಗೆಟಿವಿಗೂ ಈ ಶ್ರಮ ಬೇಡ. ಟ್ರಂಕಿನಲ್ಲಿ ಅಗ್ಫಾ ಕ್ಲಿಕ್ 3ರಂಥ ಸಾದಾ ಡಬ್ಬಿ ಕ್ಯಾಮೆರಾದಲ್ಲಿ ತೆಗೆದು ತೊಳೆಯಲು ಕೊಟ್ಟಿದ್ದ ರೋಲುಗಳೂ ಇದ್ದವು. ಅದರ ಲೆನ್ಸ್ ನಡುವೆ ಮಾತ್ರ ಚೂಪು, ಅಂಚಿಗೆ ಹೋದಂತೆ ಕರಗುತ್ತದೆ, ಓಡುವ ಲಾರಿ ಅದರಲ್ಲಿ ಉದ್ದನೆಯ ಮಸುಕಾಗಿ ಬಿದ್ದಿರುತ್ತದೆ. ಅದನ್ನು ಏಳು ಸಾವಿರಕ್ಕೆ ಎಳೆದರೆ ಮಸುಕು ದೊಡ್ಡದಾಗುತ್ತದೆ ಅಷ್ಟೆ. ಸ್ಟುಡಿಯೊದ ಎರಡು ಕಣ್ಣಿನ ಕ್ಯಾಮೆರಾದ ಚೌಕಗಳೇ ಬೇರೆ. ಅವುಗಳಲ್ಲಿ ಗೋಣಿಚೀಲದ ಹೊಲಿಗೆ ಕಾಣುತ್ತದೆ.

ತಿದ್ದುವುದರಲ್ಲಿ ನಾನು ಹಾಕಿಕೊಂಡ ಗೆರೆ ಇದು: ಆಕಾಶದ ಧೂಳು, ಗೋಡೆಯ ಗೀರು ತೆಗೆಯುತ್ತೇನೆ, ಅಕ್ಷರ, ಮುಖ ಮತ್ತು ವಾಹನದ ಮೇಲೆ ಏನನ್ನೂ ಸೇರಿಸುವುದಿಲ್ಲ. ಪರಿಚಯದ ಹುಡುಗನೊಬ್ಬ ಒಂದು ಚೌಕವನ್ನು ಫೋನಿನ ಆ್ಯಪಿಗೆ ಕೊಟ್ಟು ‘ಸ್ಪಷ್ಟ’ ಮಾಡಿ ತಂದ. ಲಾರಿಯ ಹಣೆಯ ಮೇಲಿದ್ದ ಮಸುಕು ಬರಹ ಅಚ್ಚುಕಟ್ಟಾದ ಗೆರೆಗಳಾಗಿತ್ತು, ಆದರೆ ಅವು ಯಾವ ಭಾಷೆಯ ಅಕ್ಷರವೂ ಅಲ್ಲ. ಕ್ಲೀನರ್ ಹುಡುಗನಿಗೆ ಬೇರೆ ಯಾರದೋ ಕಣ್ಣು ಬಂದಿತ್ತು. ಊರಿನ ಯಾರೋ ಒಬ್ಬರು ಅಲ್ಲಿ ತಮ್ಮ ಅಣ್ಣನನ್ನು ಹುಡುಕುತ್ತಾರೆ, ಅವರ ಮುಂದೆ ಇಲ್ಲದ ಮುಖವನ್ನು ಇಡುವುದು ಅನ್ಯಾಯ. ಬಣ್ಣ ತುಂಬುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಆ ಲಾರಿ ಕೆಂಪೋ ಹಸಿರೋ ಎಂದು ಫಿಲ್ಮಿಗೆ ಗೊತ್ತಿಲ್ಲ, ನೋಡಿದವರಿಗೆ ಗೊತ್ತಿದೆ. ಅವರನ್ನೇ ಕೇಳಬೇಕು.

ಕಾಲ ಹಿಡಿಯುವುದು

ಈ ಕೆಲಸದಲ್ಲಿ ನನ್ನನ್ನು ರಾತ್ರಿಯೆಲ್ಲ ಕೂರಿಸಿದ್ದು ಇದೇ. ಚೀಲದ ಮೇಲೆ ತಾರೀಖಿಲ್ಲದ ಚೌಕಕ್ಕೆ ಬೀದಿಯೇ ಸಾಕ್ಷಿ ಹೇಳಬೇಕು.

ಒಂದು ಚೌಕವನ್ನು ತೆಗೆದುಕೊಳ್ಳಿ. ರಸ್ತೆಯ ಎಡಕ್ಕೆ ಎರಡು ಲಾರಿ ಒಂದರ ಹಿಂದೊಂದು. ಮುಂದಿನದಕ್ಕೆ ದುಂಡು ಬಾನೆಟ್, ಜಾಲರಿಯ ನಡುವೆ ಮೂರು ಮೊನೆಯ ನಕ್ಷತ್ರ. ಟಾಟಾದವರ ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. 15 ವರ್ಷದ ಆ ಒಪ್ಪಂದ 1969ಕ್ಕೆ ಮುಗಿದು, ನಕ್ಷತ್ರದ ಜಾಗಕ್ಕೆ ವೃತ್ತದೊಳಗಿನ ಟಿ ಅಕ್ಷರ ಬಂತು. ನಮ್ಮ ಕಡೆ ಎಷ್ಟೋ ವರ್ಷ ಆಮೇಲೂ ಅದನ್ನು ‘ಬೆಂಜ್’ ಎಂದೇ ಕರೆದರು. ನಕ್ಷತ್ರ ಕಂಡಿತೆಂದು ಚಿತ್ರ 1969ಕ್ಕೆ ಮೊದಲಿನದು ಎನ್ನುವಂತಿಲ್ಲ. ಲಾರಿ ಇಪ್ಪತ್ತು ವರ್ಷ ದುಡಿಯುತ್ತದೆ. ವಾಹನ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಮಾತ್ರ. ಹಿಂದಿನ ಲಾರಿಯ ಮುಖವನ್ನು ನಾಲ್ಕು ಭಾಗದ ಜೋಡಣೆಯಲ್ಲಿ ಹಿಗ್ಗಿಸಿದಾಗ ಅಲ್ಲಿ ಟಿ ಕಂಡಿತು. ಅಲ್ಲಿಗೆ ಒಂದು ತುದಿ ಸಿಕ್ಕಿತು: 1969ರಿಂದ ಈಚೆ.

ಇನ್ನೊಂದು ತುದಿಗೆ ಬೋರ್ಡ್‌ಗಳು. ಅದೇ ಚೌಕದ ಬಲ ಅಂಚಿನಲ್ಲಿ ಪೆಟ್ರೋಲ್ ಬಂಕ್, ಮೇಲೆ ಎಸ್ಸೋ ಹೆಸರು. ಎಸ್ಸೋ 1974ರಲ್ಲಿ ಸರ್ಕಾರದ ಕೈಗೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ಬರ್ಮಾ ಷೆಲ್ 1976ರಲ್ಲಿ ರಾಷ್ಟ್ರೀಕರಣವಾಗಿ ಮುಂದೆ ಭಾರತ್ ಪೆಟ್ರೋಲಿಯಂ ಎನಿಸಿತು. ಬೋರ್ಡ್ ಬದಲಿಸಲು ಸ್ವಲ್ಪ ಕಾಲ ಹಿಡಿದೀತು, ಆದರೂ ಅಂದಾಜಿಗೆ ಗಟ್ಟಿ ಆಧಾರ. ಲಾರಿಯ ನಂಬರು ಎಂ.ವೈ.ಯಿಂದ ಶುರು, ಅಂದರೆ ಮೈಸೂರು ರಾಜ್ಯದ ನೋಂದಣಿ. ಕೆ.ಎ. ಬಂದದ್ದು 1989ರಲ್ಲಿ. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಬದಲಾದರೂ ಹಳೆಯ ಲಾರಿಗಳ ತಟ್ಟೆ ಹಾಗೆಯೇ ಉಳಿಯಿತು, ಹಾಗಾಗಿ ಎಂ.ವೈ. ಒಂದರ ಮೇಲೆಯೇ ಭಾರ ಹಾಕಲಾಗದು. ಹಣೆಯ ಮೇಲೆ ‘ಪಬ್ಲಿಕ್ ಕ್ಯಾರಿಯರ್’ ಎಂದಿದೆ, ನ್ಯಾಷನಲ್ ಪರ್ಮಿಟ್ಟಿನ ಬರಹ ಇಲ್ಲ. ಆ ಪರ್ಮಿಟ್ 1975ರಿಂದ ಈಚಿನದು. ಇವನ್ನೆಲ್ಲ ಕೂಡಿಸಿ ಚೀಲದ ಮೇಲೆ ‘1969-75’ ಎಂದು ಪೆನ್ಸಿಲಿನಲ್ಲಿ ಬರೆದೆ, ಕೆಳಗೆ ಯಾವ ಯಾವ ಗುರುತಿನಿಂದ ಎಂದೂ ಬರೆದೆ. ಗುರುತು ಬರೆಯದ ತಾರೀಖಿಗೆ ಬೆಲೆಯಿಲ್ಲ, ನಾಳೆ ನೋಡುವವರು ಅದನ್ನು ಪರೀಕ್ಷಿಸಲಾಗುವುದಿಲ್ಲ.

ಇನ್ನೊಂದು ಚೌಕದಲ್ಲಿ ಲಾರಿಯ ಪಕ್ಕದ ಗೂಡಂಗಡಿ ಹಲಗೆಯ ಮೇಲೆ ಬೆಲೆ ‘ನ.ಪೈ.’ ಎಂದು ಬರೆದಿತ್ತು. ನಯಾಪೈಸೆ 1957ರ ಏಪ್ರಿಲ್‌ನಲ್ಲಿ ಬಂತು, 1964ರ ಜೂನ್‌ನಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಏಳು ವರ್ಷದ ಕಿಟಕಿ ತಾನಾಗಿ ತೆರೆಯಿತು. ದಾರಿ ಬದಿಯ ಕಲ್ಲುಗಳನ್ನೂ ಬಿಡಬೇಡಿ. ತಿಪಟೂರಿನಿಂದ ಅರಸೀಕೆರೆ ಸುಮಾರು 25 ಕಿ.ಮೀ. ಊರಿನ ಹತ್ತಿರದ ಕಲ್ಲಿನ ಮೇಲೆ ಹದಿನೈದೋ ಹದಿನಾರೋ ಕಂಡರೆ ಅದು ಮೈಲಿಯ ಲೆಕ್ಕ, ಅಂದರೆ ಕಿ.ಮೀ. ಕಲ್ಲು ಬರುವ ಮೊದಲಿನ ಕಲ್ಲು. ಕೆಲವೊಮ್ಮೆ ಫಿಲ್ಮಿನ ಅಂಚೇ ಮಾತಾಡುತ್ತದೆ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರ ‘ಇಂದು’ ಹೆಸರಿದ್ದರೆ ಅದು 1960ರ ದಶಕದ ಕೊನೆಯ ಭಾಗಕ್ಕಿಂತ ಹಿಂದಿನದಲ್ಲ. ಅಂಚನ್ನು ಕತ್ತರಿಸಿ ಚೆಂದ ಮಾಡಬೇಡಿ, ನಕಲು ತೆಗೆಯುವಾಗ ಅಂಚೂ ಸೇರಿರಲಿ.

ಗಾಜಿಗೆ ಅಂಟಿದ ಪ್ರಿಂಟ್

ಚೌಕಟ್ಟಿನ ಪ್ರಿಂಟ್‌ಗಳಲ್ಲಿ ಒಂದು ಮಳೆಗಾಲದ ತೇವಕ್ಕೆ ಗಾಜಿಗೆ ಕಚ್ಚಿಕೊಂಡಿತ್ತು. ಅದನ್ನು ಎಬ್ಬಿಸಲು ಹೋಗಲಿಲ್ಲ. ಎಬ್ಬಿಸಿದರೆ ಜೆಲಟಿನ್ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಹೊರಮೈ ಒರೆಸಿ ಗಾಜಿನ ಮೂಲಕವೇ ತೆಗೆದೆ. ಎರಡು ಬದಿಯಿಂದ 45 ಡಿಗ್ರಿಯಲ್ಲಿ ದೀಪ, ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸರ್. ಲೆನ್ಸಿನದನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಗಾಜಿನ ಹೊಳಪು ಪೂರ್ತಿ ಮಾಯವಾಗುತ್ತದೆ. ಹಳೆಯ ಪ್ರಿಂಟ್‌ಗಳ ಕಪ್ಪಿನಲ್ಲಿ ಮೂಡುವ ನೀಲಿ ಬೆಳ್ಳಿ ಹೊಳಪಿಗೂ ಇದೇ ಮದ್ದು. ಆ ಹೊಳಪಿನ ಅಡಿಯಿಂದ ಕೋಡಿ ಸರ್ಕಲ್ಲಿನ ಕಡೆಯ ಮರಗಳ ಸಾಲು ಎದ್ದು ಬಂತು. ಈಗ ಅಲ್ಲಿ ಆ ಮರಗಳಿಲ್ಲ. ಅವು ಎಷ್ಟು ದಟ್ಟವಾಗಿದ್ದವೆಂದು ನಾನು ಮರೆತೇಬಿಟ್ಟಿದ್ದೆ.

ಜನ ಹೇಳಿದ್ದು

ಮುಗಿದವನ್ನು ಮ್ಯಾಟ್ ಕಾಗದದಲ್ಲಿ ದೊಡ್ಡದಾಗಿ ಹಾಕಿಸಿ, ಗೆಳೆಯನ ಮನೆಯ ಜಗಲಿಯಲ್ಲಿ ಹಗ್ಗ ಕಟ್ಟಿ ತೂಗುಹಾಕಿದೆವು. ಸುದ್ದಿ ತಾನಾಗಿ ಹಬ್ಬಿತು. ಮಂಡಿಯ ಹಮಾಲಿ ಮಾಡಿದವರು, ಲಾರಿ ಓಡಿಸಿದವರು, ಅವರ ಮೊಮ್ಮಕ್ಕಳ ಕೈ ಹಿಡಿದು ಬಂದರು.

ನಾನು ‘ಡಾಜ್’ ಎಂದು ಚೀಟಿ ಹಚ್ಚಿದ್ದ ಲಾರಿಯ ಮುಂದೆ ಒಬ್ಬ ಹಿರಿಯರು ಬಹಳ ಹೊತ್ತು ನಿಂತರು. “ಇದು ಡಾಜ್ ಅಲ್ಲ ಕಣಪ್ಪ, ಫಾರ್ಗೊ. ಎರಡೂ ಒಂದೇ ಮೈ, ಹೆಸರಿನ ತಗಡು ಮಾತ್ರ ಬೇರೆ” ಎಂದರು. ನಿಜ, ಮುಂಬೈಯ ಪ್ರೀಮಿಯರ್ ಕಂಪನಿ ಕ್ರೈಸ್ಲರ್ ಪರವಾನಗಿಯಲ್ಲಿ ಎರಡೂ ಹೆಸರಿನಿಂದ ಲಾರಿ ಮಾಡುತ್ತಿತ್ತು.

“ತಗಡು ಕಾಣ್ತಾ ಇಲ್ವಲ್ಲ ತಾತ, ಹೆಂಗೆ ಗೊತ್ತಾಯ್ತು?”

“ನಾನೇ ಓಡಿಸಿದ ಗಾಡಿ. ಬಾಡಿ ನೋಡು, ಹಣೆ ಹಲಗೆ ಕಮಾನು ಹೆಂಗೆ ಕೊಯ್ದವರೆ. ಅಂಥದು ಈ ಊರಲ್ಲಿ ಇನ್ನೊಂದಿರಲಿಲ್ಲ.”

ಆ ಕಾಲಕ್ಕೆ ಕಂಪನಿಯಿಂದ ಬರುತ್ತಿದ್ದದ್ದು ಷಾಸಿ, ಮುಂಭಾಗದ ತಗಡು ಮತ್ತು ಇಂಜಿನ್. ಕ್ಯಾಬಿನ್ನು, ತೊಟ್ಟಿ ಎಲ್ಲ ಬಡಗಿಗಳ ಮರದ ಕೆಲಸ. ಆದ್ದರಿಂದ ಒಂದೇ ಕಾರ್ಖಾನೆಯ ಎರಡು ಲಾರಿ ಒಂದೇ ಥರ ಇರುತ್ತಿರಲಿಲ್ಲ. ನಾನು ಬಾನೆಟ್ ನೋಡಿ ಗುರುತಿಸುತ್ತಿದ್ದೆ, ಅವರು ಮರಗೆಲಸ ನೋಡಿ ಗುರುತಿಸಿದರು. ಆ ದಿನದಿಂದ ಪ್ರತಿ ಲಾರಿಯ ಹಣೆ ಹಲಗೆಯನ್ನೂ ಬೇರೆಯಾಗಿ ಕತ್ತರಿಸಿ ಇಡುತ್ತಿದ್ದೇನೆ. ಒಂದೇ ಕೈಯ ಕೆಲಸ ಎಲ್ಲೆಲ್ಲಿದೆ ಎಂದು ಹೋಲಿಸಲು ಬರುತ್ತದೆ.

ಬಣ್ಣ ಕೇಳಿದೆ. ಹಸಿರು ಎಂದರು ಅವರು. ಪಕ್ಕದಲ್ಲಿದ್ದ ಹಮಾಲಿ ತಾತ ನೀಲಿ ಎಂದರು. ಇಬ್ಬರೂ ಬಿಟ್ಟುಕೊಡಲಿಲ್ಲ. ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆದುಕೊಂಡೆ. ನೆನಪಿನ ಟಿಪ್ಪಣಿ ಒಂದು ಪುಸ್ತಕದಲ್ಲಿ, ಚಿತ್ರದಿಂದ ಕಂಡುಕೊಂಡದ್ದು ಇನ್ನೊಂದು ಪುಸ್ತಕದಲ್ಲಿ. ಬೆರೆಸಿದರೆ ಎರಡರ ಬೆಲೆಯೂ ಹೋಗುತ್ತದೆ.

ಮಾತು ಲಾರಿಯಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಹರಾಜು ಮುಗಿದ ಸಂಜೆ ಲೋಡು ಏರಿಸಿ, ಟಾರ್ಪಾಲ್ ಹೊದಿಸಿ, ಹಗ್ಗ ಬಿಗಿಯುವಾಗ ಹಮಾಲರು ಒಟ್ಟಾಗಿ ಕೂಗುತ್ತಿದ್ದ ದನಿ. ಹೊರಡುವ ಮೊದಲು ಗಾಲಿಗೆ ನಿಂಬೆಹಣ್ಣು ಇಟ್ಟು ಕೆಂಪಮ್ಮನಿಗೆ ಕೈ ಮುಗಿಯುತ್ತಿದ್ದದ್ದು. ದೆಹಲಿಯವರೆಗೆ ಹೋಗಿ ಬಂದವನು ಮಕ್ಕಳಿಗೆ ತಂದ ಉಲ್ಲನ್ ಟೋಪಿ, ತಿಪಟೂರಿನ ಸೆಕೆಯಲ್ಲಿ ಅದನ್ನು ಹಾಕಿಕೊಂಡೇ ಶಾಲೆಗೆ ಹೋದ ಮಗ. ಮನೆಯವರು ಹಿಂದಿನ ಊರಿನ ಮಂಡಿಯಿಂದ ಬರುವ ಟ್ರಂಕಾಲಿಗೆ ಕಾಯುತ್ತಿದ್ದದ್ದು. ಒಬ್ಬರು ಅಜ್ಜಿ ಯಾವ ಚಿತ್ರದ ಬಗ್ಗೆಯೂ ಮಾತಾಡದೆ, “ಕೊಬ್ಬರಿ ಲೋಡು ಬಂದ್ರೆ ಬೀದಿಯೆಲ್ಲ ಘಂ ಅಂತಿತ್ತು” ಎಂದಷ್ಟೇ ಹೇಳಿದರು. ಅದನ್ನೂ ಬರೆದುಕೊಂಡಿದ್ದೇನೆ. ಫಿಲ್ಮಿನಲ್ಲಿ ಅದು ಬೀಳುವುದಿಲ್ಲ.

ಈಗ ಕೆಲಸ ನಿಂತಿರುವ ಹಂತ ಹೀಗಿದೆ. ಚೆನ್ನಾಗಿದ್ದ ನೆಗೆಟಿವ್‌ಗಳೆಲ್ಲ ಮುಗಿದು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಮನೆಯ ತಂಪಾದ ಕೋಣೆ ಸೇರಿವೆ, ಅಟ್ಟಕ್ಕೆ ಮಾತ್ರ ಇಡುವುದಿಲ್ಲ. 16 ಬಿಟ್ ಟಿಫ್ ಫೈಲುಗಳ ಒಂದು ಪ್ರತಿ ನನ್ನಲ್ಲಿ, ಒಂದು ಸ್ಟುಡಿಯೊ ಮನೆಯವರಲ್ಲಿ, ಒಂದು ಬೆಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ. ಹುಳಿ ಹಿಡಿದ ಗುಂಪು ಬಾಕಿ ಇದೆ. ಮುಂಗಾರು ಹಿಡಿಯುವ ಮೊದಲು ಅವುಗಳ ನಕಲು ಆಗಲೇಬೇಕು, ಇನ್ನೊಂದು ಮಳೆಗಾಲವನ್ನು ಅವು ತಡೆಯಲಾರವು. ಸುಕ್ಕಾದ ಫಿಲ್ಮನ್ನು ಒತ್ತದೆ, ಫೋಕಸ್ಸನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತ ಹಲವು ಚಿತ್ರ ತೆಗೆದು, ಒಂದೊಂದರ ಚೂಪಾದ ಭಾಗವನ್ನು ಕೂಡಿಸುವ ಕ್ರಮದಲ್ಲಿ ಶುರು ಮಾಡಿದ್ದೇನೆ. ಮೊದಲು ಮಾಡಿದ ಚೌಕದಲ್ಲಿ ಲೇಲ್ಯಾಂಡ್ ಕಾಮೆಟ್ ಲಾರಿಯೊಂದರ ಅರ್ಧ ಮುಖ, ಅದರ ಪಕ್ಕದಲ್ಲಿ ಜಾಕಿ ಹಾಕಿ ಗಾಲಿ ಬಿಚ್ಚುತ್ತಿರುವ ಇಬ್ಬರು ಸಿಕ್ಕಿದ್ದಾರೆ. ಅದರ ನಂಬರು ತಟ್ಟೆಯ ಮೇಲೆ ಸುಕ್ಕು ಹಾದುಹೋಗಿದೆ, ಮೊದಲ ಎರಡು ಅಂಕೆ ಓದಲು ಬರುತ್ತಿವೆ. ಉಳಿದವಕ್ಕೆ ಇನ್ನೊಂದು ಕೋನದಿಂದ ಬೆಳಕು ಕೊಟ್ಟು ನೋಡಬೇಕು.